ಕಬ್ಬಿನ ಗದ್ದೆಯ ಹೊಳೆಯುವ ಕಣ್ಣು, ಫೋಟೋದ ಬೆಳ್ಳನೆಯ ಕಣ್ಣು

ಪ್ರಶ್ನೆ: ನಮ್ಮದು ಪಾಂಡವಪುರದ ಕಡೆಯ ಹಳ್ಳಿ. ತ್ರಿಫೇಸ್ ವಿದ್ಯುತ್ ಬರುವುದು ಹೆಚ್ಚಾಗಿ ರಾತ್ರಿ ಹೊತ್ತಿನಲ್ಲಿ. ಹಣೆಗೆ ಟಾರ್ಚ್ ಕಟ್ಟಿಕೊಂಡು ಕಬ್ಬಿಗೆ ನೀರು ತಿರುಗಿಸಲು ಹೋಗುತ್ತೇನೆ. ಬದುವಿನ ಆಚೆ ಜೋಡಿ ಕಣ್ಣುಗಳು ದೀಪ ಹಚ್ಚಿಟ್ಟಂತೆ ಹೊಳೆಯುತ್ತವೆ, ಕೆಲವು ಹಸಿರು, ಕೆಲವು ಹಳದಿ. ಕೊಟ್ಟಿಗೆಯಲ್ಲಿರುವ ನಮ್ಮ ಹಸುವಿನ ಕಣ್ಣೂ ಹಾಗೆಯೇ ಹೊಳೆಯುತ್ತದೆ. ಪ್ರಾಣಿಗಳ ಕಣ್ಣಿನಲ್ಲಿ ಸ್ವಂತ ಬೆಳಕಿದೆಯೇ? ನಮ್ಮ ಕಣ್ಣು ಏಕೆ ಹೊಳೆಯುವುದಿಲ್ಲ? ಹೊಳೆಯುವುದಿಲ್ಲ ಎನ್ನುವುದಾದರೆ ಮೊಬೈಲ್ ಫೋಟೋದಲ್ಲಿ ಮಾತ್ರ ಕೆಂಪಾಗಿ ಕಾಣುವುದೇಕೆ? ಮೊಮ್ಮಗಳ ಹುಟ್ಟುಹಬ್ಬದ ಫೋಟೋವೊಂದನ್ನು ಜೊತೆಗೆ ಕಳಿಸಿದ್ದೇನೆ. ಎತ್ತಿಗೆ ಕೆಂಪು ಬಟ್ಟೆ ಕಂಡರೆ ರೇಗುತ್ತದೆ ಎನ್ನುತ್ತಾರಲ್ಲ, ಅದು ನಿಜವೇ ಎಂಬುದನ್ನೂ ತಿಳಿಸಿ.

ಉತ್ತರ: ಕಡೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ, ಅದು ಸುಲಭದ್ದು. ಬಣ್ಣ ಗುರುತಿಸುವ ಶಂಕುಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆ. ದನಗಳಲ್ಲಿ ಎರಡೇ ಬಗೆ. ನಮಗೆ ಕಣ್ಣಿಗೆ ಹೊಡೆಯುವ ಕೆಂಪು ಎತ್ತಿಗೆ ಮಂಕಾದ ಯಾವುದೋ ಬಣ್ಣ. ಸ್ಪೇನಿನ ಗೂಳಿ ಕಾಳಗದಲ್ಲಿ ಗೂಳಿ ನುಗ್ಗುವುದು ಬಟ್ಟೆಯ ಅಲುಗಾಟಕ್ಕೆ. ಕೆಂಪು ಬಟ್ಟೆಯ ಬದಲು ಬಿಳಿ ಪಂಚೆ ಬೀಸಿದರೂ ಅದು ನುಗ್ಗುತ್ತದೆ. ನಿಮ್ಮ ಎತ್ತಿಗೆ ನಿಜವಾಗಿ ಆಗದ ಸಂಗತಿ ಬೇರೆಯೇ ಇದೆ. ತಲೆಯ ಎರಡೂ ಪಕ್ಕಕ್ಕೆ ಕಣ್ಣಿರುವ ದನ ತಲೆ ತಿರುಗಿಸದೆಯೇ ಸುಮಾರು 330 ಡಿಗ್ರಿಯಷ್ಟು ಸುತ್ತಲನ್ನು ನೋಡಬಲ್ಲದು. ಕಾಣದೆ ಉಳಿಯುವುದು ಬಾಲದ ನೇರಕ್ಕಿರುವ ಒಂದು ಸಣ್ಣ ಪಟ್ಟಿ ಮಾತ್ರ. ಅಲ್ಲಿಂದ ಸದ್ದಿಲ್ಲದೆ ಬಂದವನಿಗೆ ಒದೆ ಬೀಳುತ್ತದೆ. ನಮ್ಮ ಊರಿನ ಹಿರಿಯರು ಕೊಟ್ಟಿಗೆಗೆ ಕಾಲಿಡುವ ಮೊದಲೇ ‘ಹೋಯ್’ ಎಂದು ದನಿ ಕೊಟ್ಟು, ಆಮೇಲೆ ಬೆನ್ನು ತಟ್ಟುತ್ತಾ ಒಳಗೆ ಹೋಗುತ್ತಿದ್ದುದು ಇದೇ ಕಾರಣಕ್ಕೆ. ಅವರು ಈ ಲೆಕ್ಕವನ್ನು ಕಣ್ಣಿನ ಪುಸ್ತಕ ಓದಿ ಕಲಿತವರಲ್ಲ.

ಇನ್ನು ಹೊಳಪಿನ ವಿಷಯ. ಯಾವ ಪ್ರಾಣಿಯ ಕಣ್ಣಿನಲ್ಲೂ ಹೀಗೆ ಹೊಳೆಯುವ ಸ್ವಂತ ದೀಪವಿಲ್ಲ. ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ, ಇವತ್ತು ರಾತ್ರಿ ಕೊಟ್ಟಿಗೆಯಲ್ಲೇ ನೋಡಿ. ಟಾರ್ಚನ್ನು ಹಣೆಯಲ್ಲಿಟ್ಟುಕೊಂಡು ಹಸುವನ್ನು ನೋಡಿ, ಕಣ್ಣು ಉರಿಯುತ್ತಿರುತ್ತದೆ. ಈಗ ಅದೇ ಟಾರ್ಚನ್ನು ಕೈಗೆ ತೆಗೆದುಕೊಂಡು, ಬೆಳಕು ಹಸುವಿನ ಮುಖದ ಮೇಲೇ ಇರುವಂತೆ, ತೋಳನ್ನು ಪೂರ್ತಿ ಪಕ್ಕಕ್ಕೆ ಚಾಚಿ. ಮುಖ ಮೊದಲಿನಷ್ಟೇ ಕಾಣುತ್ತದೆ, ಕಣ್ಣಿನ ಕೆಂಡ ಮಾತ್ರ ಆರುತ್ತಾ ಬರುತ್ತದೆ. ಬೆಳಕು ಹಸುವಿನದೇ ಆಗಿದ್ದರೆ ನಿಮ್ಮ ಕೈ ಎಲ್ಲಿದೆ ಎಂಬುದು ಅದಕ್ಕೆ ಏಕೆ ಬೇಕು?

ನಾನು ಇದನ್ನು ಮೊದಲು ಕಂಡಿದ್ದು ಕಣ್ಣಿನ ವೈದ್ಯನಾಗುವುದಕ್ಕೆ ಬಹಳ ಮೊದಲು, ಮಂಡ್ಯದ ಕಡೆಯ ನಮ್ಮ ಹಳ್ಳಿಯಲ್ಲಿ, ಒಂದು ಸಂಕ್ರಾಂತಿಯ ಸಂಜೆ. ಕಿಚ್ಚು ಹಾಯಿಸಲು ಹುಲ್ಲು ಹರಡಿ ಬೆಂಕಿ ಹಾಕಿದ್ದರು. ಹಳ್ಳಿಕಾರ್ ಜೋಡಿಯ ಹಗ್ಗ ಹಿಡಿದು, ಬೆಂಕಿಗೆ ಬೆನ್ನು ಕೊಟ್ಟು, ಎತ್ತುಗಳಿಗೆ ಎದುರಾಗಿ ನಿಂತಿದ್ದೆ. ನಾಲ್ಕು ಕಣ್ಣುಗಳೂ ಹಸಿರು ನೀಲಿಯಾಗಿ ಝಗ್ಗೆಂದವು. ಹೆದರಿ ‘ಅಪ್ಪಾ, ಕಣ್ಣು ನೋಡು’ ಎಂದು ಕೂಗಿದೆ. ಬೆಂಕಿಯ ಪಕ್ಕಕ್ಕೆ ನಿಂತಿದ್ದ ಅಪ್ಪ ನೋಡಿದರು, ‘ಏನಾಗಿದೆ ಕಣ್ಣಿಗೆ?’ ಎಂದರು. ಅವರಿಗೆ ಏನೂ ಕಂಡಿರಲಿಲ್ಲ. ನಾನು ಸುಳ್ಳು ಹೇಳುತ್ತಿಲ್ಲ ಎಂದು ಒಪ್ಪಿಸಲು ಆ ವಯಸ್ಸಿನಲ್ಲಿ ನನ್ನ ಬಳಿ ಮಾತಿರಲಿಲ್ಲ. ಈಗ ಇದೆ. ಕಣ್ಣಿನೊಳಗೆ ಹೋದ ಬೆಳಕು ತಾನು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಆ ದಾರಿಯಲ್ಲಿ ನಿಂತವನಿಗೆ ಮಾತ್ರ ಅದು ಕಾಣುತ್ತದೆ. ಹಣೆಯ ಟಾರ್ಚ್ ನಿಮ್ಮನ್ನು ಸರಿಯಾಗಿ ಆ ದಾರಿಯಲ್ಲಿ ನಿಲ್ಲಿಸುತ್ತದೆ. ಸೊಂಟದ ಮಟ್ಟದಲ್ಲಿ ಲಾಟೀನು ಹಿಡಿದು ಗದ್ದೆಗೆ ಹೋಗುತ್ತಿದ್ದ ನಿಮ್ಮ ತಂದೆಯವರಿಗೆ ಇಷ್ಟು ಕಣ್ಣುಗಳು ಕಂಡಿರಲಾರವು. ಪ್ರಾಣಿಗಳು ಮಾತ್ರ ಆಗಲೂ ಇದ್ದವು.

ಹಿಂದಿರುಗಿಸುವುದು ಯಾವುದು? ಕಣ್ಣಿನ ಹಿಂಬದಿಗೆ ಅಂಟಿಕೊಂಡಿರುವ ಬೆಳಕು ಹಿಡಿಯುವ ಪರದೆ ಅಕ್ಷಿಪಟ. ದನ, ಕುರಿ, ಕುದುರೆ, ಬೆಕ್ಕು, ನಾಯಿ, ಚಿರತೆಗಳಲ್ಲಿ ಆ ಪರದೆಯ ಹಿಂದೆ ಇನ್ನೊಂದು ಹೊಳೆಯುವ ಹಾಸು ಇರುತ್ತದೆ. ಲ್ಯಾಟಿನ್‌ನಲ್ಲಿ ಅದರ ಹೆಸರು ಟಪೀಟಂ ಲೂಸಿಡಂ. ಕತ್ತಲಲ್ಲಿ ಕಣ್ಣಿಗೆ ಸಿಗುವ ಬೆಳಕೇ ಕಡಿಮೆ. ಅದರಲ್ಲೂ ಒಂದಿಷ್ಟು ಪರದೆಗೆ ಸಿಕ್ಕದೆ ದಾಟಿ ಹೋಗುತ್ತದೆ. ದಾಟಿ ಹೋದದ್ದನ್ನು ಹಾಸು ವಾಪಸು ತಳ್ಳಿ, ಪರದೆಗೆ ಎರಡನೆಯ ಅವಕಾಶ ಕೊಡುತ್ತದೆ. ಜಾಲರಿಯಲ್ಲಿ ಸೋರಿದ ಧಾನ್ಯವನ್ನು ಬಾಚಿ ಮತ್ತೆ ಜರಡಿಗೆ ಸುರಿದಂತೆ. ಎರಡನೆಯ ಬಾರಿಯೂ ಸಿಕ್ಕದೆ ಪಾಪೆಯಿಂದ ಹೊರಬಿದ್ದದ್ದು ನಿಮಗೆ ಕಾಣುವ ಹೊಳಪು. ಹಾಗೆ ನೋಡಿದರೆ ಅದು ಆ ಪ್ರಾಣಿಗೆ ನಷ್ಟವಾದ ಬೆಳಕು.

ದನಗಳಲ್ಲಿ ಈ ಹಾಸು ಒತ್ತಾಗಿ ಹೆಣೆದ ನಾರಿನದು, ಬೆಕ್ಕಿನ ಜಾತಿಯಲ್ಲಿ ಜೀವಕೋಶಗಳ ಪದರ. ನನಗೆ ತುಂಬ ಇಷ್ಟವಾಗುವ ವಿವರ ಇನ್ನೊಂದಿದೆ. ಹಾಸು ಕಣ್ಣಿನ ಹಿಂಗೋಡೆಯ ಪೂರ್ತಿ ಹರಡಿಲ್ಲ, ಹೆಚ್ಚಾಗಿ ಮೇಲಿನ ಅರ್ಧದಲ್ಲಿದೆ. ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ನೆಲದ ಕಡೆಯ ಬೆಳಕು ಸೇರುವುದು ಮೇಲಿನ ಅರ್ಧಕ್ಕೆ. ರಾತ್ರಿ ನೆಲ ಕಪ್ಪು, ಆಕಾಶಕ್ಕೆ ನಕ್ಷತ್ರದ್ದಾದರೂ ಬೆಳಕುಂಟು. ಎಲ್ಲಿ ಬೆಳಕಿಗೆ ಬರವೋ ಅಲ್ಲಿಗೆ ಹಾಸು. ನಾಲೆಯ ನೀರು ಬಾರದ ತುದಿಗೆ ಕೊಳವೆ ಬಾವಿ ಕೊರೆಸಿದ ಹಾಗೆ.

ಈ ಸೌಕರ್ಯಕ್ಕೆ ತೆರಬೇಕಾದ ಬೆಲೆಯೂ ಇದೆ. ಹಿಂದಿರುಗುವ ಬೆಳಕು ಹೋದಷ್ಟೇ ನೇರವಾಗಿ ಬರುವುದಿಲ್ಲ, ಅಕ್ಕಪಕ್ಕಕ್ಕೆ ಸ್ವಲ್ಪ ಚೆಲ್ಲುತ್ತದೆ. ಚಿತ್ರದ ಅಂಚು ಮಸುಕಾಗುತ್ತದೆ. ನಮಗೆ ಬೇಕಾದ ಬೆಳಕಿನ ಆರನೆಯ ಒಂದು ಪಾಲಿನಲ್ಲೇ ಬೆಕ್ಕು ಇಲಿಯನ್ನು ಹಿಡಿಯಬಲ್ಲದು. ಆದರೆ ನಾನು ಆಸ್ಪತ್ರೆಯಲ್ಲಿ ನೇತುಹಾಕಿರುವ ಅಕ್ಷರಗಳ ಫಲಕದಲ್ಲಿ ಅದಕ್ಕೆ ದೊಡ್ಡ ಅಕ್ಷರ ಬಿಟ್ಟರೆ ಉಳಿದವು ಕಾಣುವುದಿಲ್ಲ. ಗವ್ವೆನ್ನುವ ಪೂರ್ತಿ ಕತ್ತಲಲ್ಲಿ ಬೆಕ್ಕಿಗೂ ಏನೂ ಕಾಣುವುದಿಲ್ಲ, ಚಿರತೆಗೂ ಕಾಣುವುದಿಲ್ಲ.

ಚಿರತೆಯ ಮಾತು ಬಂದಿತು. ಮಂಡ್ಯ, ಮೈಸೂರು ಕಡೆಯ ಕಬ್ಬಿನ ಗದ್ದೆಗಳಲ್ಲಿ ಅವು ಮರಿ ಹಾಕುವುದೇ ಈಗ ಹೊಸ ಸುದ್ದಿಯಲ್ಲ. ಹೊಳಪಿನ ಬಣ್ಣ ನೋಡಿ ಇದು ಇಂಥದೇ ಪ್ರಾಣಿ ಎಂದು ತೀರ್ಮಾನಿಸಬೇಡಿ. ಬಣ್ಣ ಪ್ರಾಣಿಯ ವಯಸ್ಸಿನಿಂದ, ನೀವು ನೋಡುವ ಕೋನದಿಂದ ಬದಲಾಗುತ್ತದೆ. ನಾಯಿಮರಿಯ ಕಣ್ಣಿನ ಹಾಸು ಮೊದಲ ಕೆಲವು ತಿಂಗಳು ನೀಲಿಯಾಗಿದ್ದು ಆಮೇಲೆ ಹಸಿರು ಹಳದಿಗೆ ತಿರುಗುತ್ತದೆ. ಉತ್ತರ ಧ್ರುವದ ಕಡೆಯ ಹಿಮಸಾರಂಗದಲ್ಲಂತೂ ಬೇಸಿಗೆಯಲ್ಲಿ ಹೊಂಬಣ್ಣದ ಹಾಸು ಚಳಿಗಾಲದ ದೀರ್ಘ ಕತ್ತಲಲ್ಲಿ ನೀಲಿಯಾಗುತ್ತದೆ. ಆದ್ದರಿಂದ ಬಣ್ಣಕ್ಕಿಂತ ಕಣ್ಣುಗಳು ನೆಲದಿಂದ ಎಷ್ಟು ಎತ್ತರದಲ್ಲಿವೆ, ಹೇಗೆ ಚಲಿಸುತ್ತಿವೆ ಎಂಬುದನ್ನು ನೋಡಿ. ಅನುಮಾನ ಬಂದರೆ ಬಗ್ಗದೆ, ಕೂರದೆ, ಜೋರಾಗಿ ಮಾತನಾಡುತ್ತಾ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿರಿ. ನೀರು ನಾಳೆಯೂ ತಿರುಗಿಸಬಹುದು.

ಇನ್ನೊಂದು ವಿಷಯ ನಿಮಗೆ ಬೇಸರ ತರಿಸಬಹುದು. ನಿಮ್ಮ ಕಬ್ಬನ್ನು ನಿಜವಾಗಿ ಮುರಿದು ತಿನ್ನುವ ಕಾಡುಹಂದಿಯ ಕಣ್ಣು ಹಾಗೆ ಹೊಳೆಯುವುದೇ ಇಲ್ಲ. ಹಂದಿಯ ಜಾತಿಗೆ ಈ ಹಾಸು ಇಲ್ಲ. ಟಾರ್ಚ್ ಬೀಸಿ ‘ಏನೂ ಇಲ್ಲ’ ಎಂದು ನೀವು ತಿರುಗಿ ನಡೆಯುವಾಗ ಅದು ಮೂರನೆಯ ಸಾಲಿನಲ್ಲಿ ನಿಂತು ನಿಮ್ಮನ್ನು ನೋಡುತ್ತಿರಬಹುದು.

ರಂಗನತಿಟ್ಟಿನ ಮೊಸಳೆಗೆ ಹಾಸು ಇದೆ. ಹಗಲಲ್ಲಿ ದೋಣಿ ಹತ್ತಿರ ಹೋದಾಗ ಬಂಡೆಯ ಮೇಲೆ ಮಲಗಿದ ಮೊಸಳೆಯ ಕಣ್ಣನ್ನು ಗಮನಿಸಿ. ಬಿಸಿಲಿಗೆ ಪಾಪೆ ಮುಚ್ಚಿ ಮುಚ್ಚಿ, ಕುಡುಗೋಲಿನ ಅಲಗಿನಷ್ಟು ಸಣ್ಣ ಲಂಬ ಗೆರೆಯಾಗಿರುತ್ತದೆ. ಅದೇ ಗೆರೆ ರಾತ್ರಿ ಅಗಲವಾಗಿ ತೆರೆದುಕೊಂಡು, ಟಾರ್ಚಿನ ಬೆಳಕಿಗೆ ಕೆಂಪು ಕೆಂಡವಾಗುತ್ತದೆ. ಮೊಸಳೆ ಗಣತಿ ಮಾಡುವವರು ರಾತ್ರಿ ದೋಣಿಯಲ್ಲಿ ಹೋಗಿ ಈ ಕೆಂಡಗಳನ್ನೇ ಎಣಿಸುತ್ತಾರೆ. ಮೈಯೆಲ್ಲ ನೀರಿನಲ್ಲಿ ಅಡಗಿಸಿದರೂ ಕಣ್ಣು ಅಡಗದು.

ದೂರ ಹೋಗಲು ಪುರಸೊತ್ತಿಲ್ಲದಿದ್ದರೆ ಮನೆಯ ಮುಂದಿನ ಹುಲ್ಲಿನಲ್ಲೇ ನೋಡಿ. ಟಾರ್ಚನ್ನು ಕಿವಿ ಕಣ್ಣಿನ ನಡುವೆ ಕಪಾಲಕ್ಕೆ ಒತ್ತಿ ಹಿಡಿದು ಹುಲ್ಲಿನ ಮೇಲೆ ಹಾಯಿಸಿ. ಇಬ್ಬನಿಯ ಹನಿಯಂತೆ ಅಲ್ಲಲ್ಲಿ ಮಿನುಗುಗಳು ಕಾಣುತ್ತವೆ. ಒಂದನ್ನು ಹಿಡಿದು ಹತ್ತಿರ ಹೋಗಿ; ಇಬ್ಬನಿಯಾಗಿದ್ದರೆ ಅಲ್ಲೇ ಇರುತ್ತದೆ, ಜೇಡವಾಗಿದ್ದರೆ ಓಡುತ್ತದೆ. ಬಲೆ ನೇಯದೆ ನೆಲದ ಮೇಲೆ ಓಡಾಡಿ ಬೇಟೆಯಾಡುವ ಜೇಡಗಳ ಎಂಟು ಕಣ್ಣುಗಳ ಪೈಕಿ ಕೆಲವಕ್ಕೆ ತಮ್ಮದೇ ಹಾಸು ಇದೆ. ಮೈಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಇದನ್ನು ತೋರಿಸಿದ ಮೇಲೆ ನನ್ನ ಹೆಂಡತಿ ರಾತ್ರಿ ಚಪ್ಪಲಿ ಇಲ್ಲದೆ ಹುಲ್ಲಿಗೆ ಕಾಲಿಡುವುದನ್ನು ನಿಲ್ಲಿಸಿದ್ದಾಳೆ.

ನಮ್ಮ ಕಣ್ಣು ಏಕೆ ಹೊಳೆಯುವುದಿಲ್ಲ ಎಂದು ಕೇಳಿದ್ದೀರಿ. ಕೋತಿ, ಮುಸುವ, ನಾವು ಹಗಲಿನ ಪ್ರಾಣಿಗಳು. ಹಗಲಿನ ಪ್ರಾಣಿಗೆ ಬೆಳಕಿನ ಬರವಿಲ್ಲ, ಅದಕ್ಕೆ ಬೇಕಾದದ್ದು ಚೊಕ್ಕಟವಾದ ಚಿತ್ರ. ಹಾಗಾಗಿ ನಮ್ಮ ಅಕ್ಷಿಪಟದ ಹಿಂದೆ ಹಾಸಿನ ಬದಲು ಕಪ್ಪು ಬಣ್ಣದ ಪದರವಿದೆ; ದಾಟಿ ಬಂದ ಬೆಳಕನ್ನು ಅದು ಹೀರಿಕೊಳ್ಳುತ್ತದೆ. ನಮ್ಮ ದೂರದ ದಾಯಾದಿಯೊಬ್ಬ ಮಾತ್ರ ರಾತ್ರಿಯ ಪಾಳಿಯನ್ನು ಬಿಡಲೇ ಇಲ್ಲ, ಕಾಡುಪಾಪ. ಮುಖವೆಲ್ಲ ಕಣ್ಣೇ ಆಗಿರುವ ಈ ಪುಟ್ಟ ಪ್ರಾಣಿಗೆ ಹಾಸು ಇದೆ, ಟಾರ್ಚಿಗೆ ಕಿತ್ತಳೆ ಬಣ್ಣದ ಎರಡು ಗುಂಡುಗಳು ಮರದ ಮೇಲೆ ಹೊತ್ತಿಕೊಳ್ಳುತ್ತವೆ. ಅದನ್ನು ಹುಡುಕುವವರು ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಳ್ಳುತ್ತಾರೆ, ಅದರ ಕಣ್ಣಿಗೆ ಹಿಂಸೆಯಾಗದಿರಲಿ ಎಂದು. ಕೆಂಪು ಬೆಳಕಿನಲ್ಲಿ ಅವರ ಕಣ್ಣೂ ಕತ್ತಲಿಗೆ ಒಗ್ಗಿಕೊಂಡೇ ಇರುತ್ತದೆ. ನಿಮ್ಮ ಬಿಳಿ ಟಾರ್ಚ್ ಒಮ್ಮೆ ಮುಖಕ್ಕೆ ಬಡಿದರೆ ಕಣ್ಣು ಮತ್ತೆ ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು.

ಕಪ್ಪು ಪದರ ಹೀರಿದರೂ ಎಲ್ಲವನ್ನೂ ಹೀರುವುದಿಲ್ಲ. ಅಲ್ಲಿ ರಕ್ತನಾಳಗಳ ದಟ್ಟ ಬಲೆಯಿದೆ, ಅದಕ್ಕೆ ತಗುಲಿದ ಸ್ವಲ್ಪ ಬೆಳಕು ಕೆಂಪಾಗಿ ಹಿಂದಿರುಗುತ್ತದೆ. ಬರಿಗಣ್ಣಿಗೆ ಅದು ಕಾಣದಿರಲು ಕಾರಣ ನಮ್ಮದೇ ತಲೆ. ಆ ಬೆಳಕನ್ನು ನೋಡಬೇಕಾದರೆ ದೀಪ ಇರುವ ಜಾಗದಲ್ಲೇ ನನ್ನ ಕಣ್ಣಿರಬೇಕು. ಅಲ್ಲಿಗೆ ತಲೆ ಇಟ್ಟೆನೆಂದರೆ ದೀಪಕ್ಕೆ ಅಡ್ಡವಾಗುತ್ತೇನೆ. ಈ ಪೇಚನ್ನು ಬಿಡಿಸಿದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್, 1851ರಲ್ಲಿ. ದೀಪವನ್ನು ಪಕ್ಕಕ್ಕಿಟ್ಟು, ಓರೆಯಾಗಿ ಹಿಡಿದ ಗಾಜಿನಿಂದ ಅದರ ಬೆಳಕನ್ನು ರೋಗಿಯ ಕಣ್ಣಿಗೆ ತಿರುಗಿಸಿ, ಅದೇ ಗಾಜಿನ ಮೂಲಕ ತಾವು ಇಣುಕಿದರು. ಜೀವಂತ ಮನುಷ್ಯನ ಅಕ್ಷಿಪಟವನ್ನು ವೈದ್ಯರು ನೋಡಲು ಸಾಧ್ಯವಾದದ್ದು ಅಲ್ಲಿಂದ. ನಿಮ್ಮ ಮೊಬೈಲ್ ಇದೇ ಕೆಲಸವನ್ನು ತನಗೆ ಗೊತ್ತಿಲ್ಲದೆಯೇ ಮಾಡುತ್ತದೆ. ಅದರ ಫ್ಲ್ಯಾಷ್ ದೀಪ ಮತ್ತು ಕ್ಯಾಮೆರಾದ ಮಸೂರ ಒಂದಕ್ಕೊಂದು ಅಂಟಿದಂತಿವೆ. ಸಂಜೆಯ ಮಬ್ಬಿನಲ್ಲಿ ಪಾಪೆ ಅಗಲವಾಗಿ ತೆರೆದಿರುತ್ತದೆ, ಫ್ಲ್ಯಾಷ್ ಮಿಂಚುತ್ತದೆ, ಪಾಪೆ ಕುಗ್ಗುವಷ್ಟರಲ್ಲಿ ಚಿತ್ರ ಮುಗಿದಿರುತ್ತದೆ. ಕೆಂಪು ಕಣ್ಣು ಎಂದರೆ ಆರೋಗ್ಯವಾದ ಕಣ್ಣಿನ ಒಳಗೋಡೆಯ ಫೋಟೋ.

ಇಲ್ಲಿಗೆ ನಿಮ್ಮ ಪ್ರಶ್ನೆಗಳೆಲ್ಲ ಮುಗಿದವು. ನೀವು ಕೇಳದಿದ್ದ ಒಂದು ಪ್ರಶ್ನೆ ಆ ಫೋಟೋದಲ್ಲಿತ್ತು. ಕೇಕಿನ ಸುತ್ತ ಹನ್ನೊಂದು ಜನ. ಹತ್ತು ಜನರ ಕಣ್ಣು ಕೆಂಪು. ಎಡತುದಿಯಲ್ಲಿ ಕುರ್ಚಿಯ ಮೇಲೆ ನಿಂತ ನಿಮ್ಮ ತಮ್ಮನ ಮೊಮ್ಮಗನ ಒಂದು ಕಣ್ಣು ಕೆಂಪು, ಇನ್ನೊಂದು ಬಿಳಿ. ಅವತ್ತೇ ಸಂಜೆ ನಿಮಗೆ ಬೇರೆಯಾಗಿ ಬರೆದು, ಹುಡುಗನನ್ನು ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ ಎಂದಿದ್ದೆ. ಮುಂದಿನದನ್ನು ನಿಮ್ಮ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕ ಮಗುವಿನ ಪಾಪೆ ಬಿಳಿಯಾಗಿ ಕಂಡರೆ ನಾವು ವೈದ್ಯರು ಮೊದಲು ಹೆದರುವುದು ರೆಟಿನೊಬ್ಲಾಸ್ಟೊಮಾ ಎಂಬ ಅಕ್ಷಿಪಟದ ಕ್ಯಾನ್ಸರಿಗೆ. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಲ್ಲಿ ಬರುವ ಇದು ಅಪರೂಪ, ಸುಮಾರು 15,000ದಿಂದ 20,000 ಮಕ್ಕಳಿಗೊಂದು. ಗಡ್ಡೆ ಬಿಳಿಯಾಗಿರುವುದರಿಂದ ಹಿಂದಿರುಗುವ ಬೆಳಕೂ ಬಿಳಿ. ಬೇಗ ಗೊತ್ತಾದರೆ ಜೀವವಂತೂ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ತಡವಾದರೆ ಗಡ್ಡೆ ಕಣ್ಣಿನ ನರ ಹಿಡಿದು ಮಿದುಳಿನ ಕಡೆ ಹೋಗುತ್ತದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಬ್ಬ ತಾಯಿ ಮದುವೆಯ ಆಲ್ಬಂ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಬಳಿ ಬಂದಿದ್ದರು. ಅದರ ಮೂರು ಫೋಟೋಗಳಲ್ಲಿ ಮಗಳ ಎಡಗಣ್ಣು ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತಿತ್ತು. ಅಲ್ಲಿಗೆ ಎಂಟು ತಿಂಗಳಾಗಿತ್ತು. ಕೇಳಿದವರೆಲ್ಲ ‘ಫ್ಲ್ಯಾಷಿನ ದೋಷ’ ಎಂದು ಸಮಾಧಾನ ಮಾಡಿದ್ದರಂತೆ. ಕಣ್ಣನ್ನು ತೆಗೆಯಬೇಕಾಯಿತು. ಹುಡುಗಿ ಉಳಿದಳು, ಪದವಿ ಮುಗಿಸಿದಳು, ಈಗಲೂ ವರ್ಷಕ್ಕೊಮ್ಮೆ ಬಂದು ಉಳಿದ ಕಣ್ಣನ್ನು ತೋರಿಸಿ ಹೋಗುತ್ತಾಳೆ. ಆ ಆಲ್ಬಂ ನೋಡಿದ ಮೇಲೆ ಯಾರು ಯಾವ ಗುಂಪಿನ ಫೋಟೋ ತೋರಿಸಿದರೂ ನಾನು ಮೊದಲು ನೋಡುವುದು ಮಕ್ಕಳ ಪಾಪೆಗಳನ್ನೇ.

ಫೋಟೋದ ಬಿಳುಪೆಲ್ಲ ಕ್ಯಾನ್ಸರಲ್ಲ. ಹುಟ್ಟಿನಿಂದಲೇ ಪೊರೆ ಇರುವ ಮಕ್ಕಳಿದ್ದಾರೆ. ಏನೂ ತೊಂದರೆಯಿಲ್ಲದ ಕಣ್ಣೂ ಬೆಳ್ಳಗೆ ಕಾಣಬಹುದು. ಅದು ಹೇಗೆಂದು ತಿಳಿಯಬೇಕಾದರೆ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಎರಡು ಹುಣಸೆ ಬೀಜಗಳನ್ನು ಎಂಟು ಸೆಂಟಿಮೀಟರ್ ಅಂತರದಲ್ಲಿ ಅಕ್ಕಪಕ್ಕ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡಗಡೆಯ ಬೀಜವನ್ನೇ ದಿಟ್ಟಿಸುತ್ತಾ ನಿಧಾನವಾಗಿ ಬಗ್ಗಿ. ಹಾಳೆಯಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಬಲಗಡೆಯ ಬೀಜ ಮಾಯವಾಗುತ್ತದೆ. ಅಲ್ಲಿ ಕಪ್ಪು ತೂತೂ ಕಾಣುವುದಿಲ್ಲ, ಮಿದುಳು ಬಿಳಿ ಹಾಳೆಯನ್ನೇ ಎಳೆದು ಆ ಜಾಗಕ್ಕೆ ತೇಪೆ ಹಾಕಿರುತ್ತದೆ. ಇದನ್ನು 1660ರ ದಶಕದಲ್ಲಿ ಫ್ರಾನ್ಸಿನ ಮರಿಯೊಟ್ ತೋರಿಸಿಕೊಟ್ಟರು. ನಮ್ಮ ಕಣ್ಣಿನಲ್ಲಿ ನರದ ಎಳೆಗಳೆಲ್ಲ ಪರದೆಯ ಮುಂಭಾಗದಲ್ಲಿ ಹರಿದು, ಒಂದು ಕಡೆ ಸೇರಿ, ಪರದೆಯನ್ನು ತೂರಿ ಹಿಂದಕ್ಕೆ ಹೋಗುತ್ತವೆ. ತೂರುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ. ಆಕ್ಟೋಪಸ್‌ನಲ್ಲಿ ಎಳೆಗಳು ಮೊದಲೇ ಪರದೆಯ ಹಿಂದಿವೆ, ಅದಕ್ಕೆ ಈ ಕುರುಡು ಚುಕ್ಕೆಯೇ ಇಲ್ಲ. ಮನುಷ್ಯನ ಕಣ್ಣಿಗಿಂತ ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ ಎನ್ನುವವರಿಗೆ ನಾನು ಆಕ್ಟೋಪಸನ್ನು ನೆನಪಿಸುತ್ತೇನೆ.

ಈ ನರದ ಬಾಯಿ ನಸುಬಿಳಿಯ ಬಣ್ಣದ್ದು, ನೋಟದ ಕೇಂದ್ರದಿಂದ ಮೂಗಿನ ಕಡೆಗೆ ಸುಮಾರು 15 ಡಿಗ್ರಿ ಸರಿದಿದೆ. ಕಣ್ಣು ಮೂಗಿನ ಕಡೆಗೆ ಅಷ್ಟೇ ವಾಲಿದ್ದಾಗ ಫ್ಲ್ಯಾಷ್ ಮಿಂಚಿದರೆ ಬೆಳಕು ನೇರವಾಗಿ ನರದ ಬಾಯಿಗೆ ತಗುಲಿ ಬೆಳ್ಳಗೆ ಹಿಂದಿರುಗುತ್ತದೆ. ಮಗು ಪಕ್ಕಕ್ಕೆ ನೋಡುತ್ತಿದ್ದರೂ ಹೀಗಾಗಬಹುದು. ಮನೆಯಲ್ಲಿ ಕುಳಿತು ಇದೋ ಅದೋ ಎಂದು ಹೇಳಲಾಗದು. ಪಾಪೆ ಹಿಗ್ಗಿಸುವ ಹನಿ ಹಾಕಿ ಒಳಗೆ ನೋಡಲೇಬೇಕು. ಹುಡುಗನ ಕಣ್ಣನ್ನು ವೈದ್ಯರು ಹಾಗೆಯೇ ನೋಡಿದರು. ಗಡ್ಡೆಯಿಲ್ಲ, ಪೊರೆಯಿಲ್ಲ. ಆದರೆ ಆ ಕಣ್ಣು ಒಳಗೆ ವಾಲಿರುವುದು ಕೇಕಿನ ಕಡೆ ನೋಡಿದ್ದಕ್ಕಲ್ಲ, ಅದಕ್ಕೆ ಮೆಳ್ಳೆಯಿದೆ. ಮನೆಯವರಿಗೆ ಮೊದಲೇ ಗೊತ್ತಿತ್ತು, ‘ಮೆಳ್ಳೆಗಣ್ಣು ಅದೃಷ್ಟ’ ಎಂದು ಬಿಟ್ಟಿದ್ದರು. ವಾಲಿದ ಕಣ್ಣಿನ ಚಿತ್ರವನ್ನು ಮಿದುಳು ಕ್ರಮೇಣ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾವು ಅದನ್ನು ಸೋಮಾರಿ ಕಣ್ಣು ಎನ್ನುತ್ತೇವೆ. ಸೋಮಾರಿತನ ಕಣ್ಣಿನದಲ್ಲ, ಮಿದುಳಿನದು. ಏಳೆಂಟು ವರ್ಷ ದಾಟಿದ ಮೇಲೆ ತಿದ್ದುವುದು ಕಷ್ಟ. ಹುಡುಗನಿಗೆ ಈಗ ನಾಲ್ಕು.

ಕನ್ನಡಕ ಕೊಟ್ಟಿದ್ದಾರೆ, ದಿನಕ್ಕೆ ಎರಡು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಲು ಹೇಳಿದ್ದಾರೆ. ಕಿತ್ತೆಸೆಯುತ್ತಾನೆ ಎಂದು ನೀವು ಬರೆದಿದ್ದೀರಿ. ಎಲ್ಲರೂ ಕಿತ್ತೆಸೆಯುತ್ತಾರೆ, ಚೆನ್ನಾಗಿ ಕಾಣುವ ಕಣ್ಣನ್ನು ಕಟ್ಟಿದರೆ ಯಾರು ತಾನೇ ಸುಮ್ಮನಿದ್ದಾರು? ಗದರಬೇಡಿ. ಆ ಎರಡು ಗಂಟೆ ಅವನನ್ನು ಅಜ್ಜಿಯ ಪಕ್ಕದಲ್ಲಿ ಮೊರದ ಮುಂದೆ ಕೂರಿಸಿ, ಅಕ್ಕಿಯಲ್ಲಿ ಕಲ್ಲು ಆರಿಸಲಿ. ಕಲ್ಲಿಗೊಂದು ಕಡಲೆಕಾಯಿ ಎಂದು ಪಂದ್ಯ ಕಟ್ಟಿ. ಕಲ್ಲು ಸಾಲದಿದ್ದರೆ ಅಜ್ಜಿಯೇ ನಾಲ್ಕು ಸೇರಿಸಲಿ.